ಓದುಗರ ಪ್ರಶ್ನೆ, ಕಾದಂಬರಿಗಾರ್ತಿಯ ಉತ್ತರ: ಕೊಡಗಿನ ಮಳೆ, ಕಾಫಿ ಕಣ ಮತ್ತು ಬರವಣಿಗೆಯ ಮೇಜು

ಸುಂಟಿಕೊಪ್ಪ ಮತ್ತು ಮಾದಾಪುರದ ನಡುವಿನ ಕಾಫಿ ತೋಟವೊಂದರಲ್ಲಿ ನೆಲೆಸಿರುವ, ಹೆಣ್ಣುಮಕ್ಕಳ ಬದುಕನ್ನು ಕುರಿತು ಹಲವು ಕಾದಂಬರಿಗಳನ್ನು ಬರೆದಿರುವ ಲೇಖಕಿಯೊಬ್ಬರು ಈ ಸಂಚಿಕೆಯಲ್ಲಿ ಓದುಗರ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಅವರ ಕಾದಂಬರಿಗಳ ಬಗ್ಗೆ ಮತ್ತು ಅವರು ಎಲ್ಲಿ ಕುಳಿತು ಬರೆಯುತ್ತಾರೆ ಎಂಬುದರ ಬಗ್ಗೆ ಇದ್ದವು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ, ಆಯ್ದ ಕೆಲವನ್ನು ಇಲ್ಲಿ ಕೊಡಲಾಗಿದೆ.

ಪ್ರಶ್ನೆ: ನಿಮ್ಮ ಕಾದಂಬರಿಗಳಲ್ಲಿ ಬೆಟ್ಟ, ಮಂಜು, ಹೊಳೆ ಎಲ್ಲವೂ ಕಣ್ಣಿಗೆ ಕಟ್ಟುವಂತೆ ಬರುತ್ತವೆ. ಇವನ್ನೆಲ್ಲ ಎಲ್ಲಿ ಕುಳಿತು ಬರೆಯುತ್ತೀರಿ? ಮಡಿಕೇರಿಯ ರಾಜಾಸೀಟಿನಂಥ ಜಾಗಗಳಿಗೆ ಹೋಗುವ ಅಭ್ಯಾಸ ಇದೆಯೇ? (ಗೃಹಿಣಿ, ವೀರಾಜಪೇಟೆ)

ಉತ್ತರ: ರಾಜಾಸೀಟಿಗೆ ಹೋಗುತ್ತೇನೆ, ಊರಿನಿಂದ ನೆಂಟರು ಬಂದಾಗ. ಕೊಡಗಿನ ಅರಸರು ಅಲ್ಲಿ ಕುಳಿತು ಸೂರ್ಯಾಸ್ತ ನೋಡುತ್ತಿದ್ದರಂತೆ. ಅವರಿಗೆ ಅಲ್ಲಿ ಬರೆಯುವ ಕೆಲಸ ಇರಲಿಲ್ಲ. ಈಗ ಸಂಜೆಯಾದರೆ ಅಲ್ಲಿ ಜನಜಂಗುಳಿ, ಸಂಗೀತ ಕಾರಂಜಿ, ಚುರುಮುರಿ ಗಾಡಿಗಳು. ಅಲ್ಲಿ ಯಾರಾದರೂ ಒಂದು ಪುಟ ಬರೆದರೆ ಅವರ ಏಕಾಗ್ರತೆಗೆ ನಾನು ಕೈಮುಗಿಯುತ್ತೇನೆ. ಇನ್ನೊಂದು ಮಾತನ್ನೂ ಹೇಳಬೇಕು: ಒಳ್ಳೆಯ ನೋಟವೇ ಬರವಣಿಗೆಗೆ ದೊಡ್ಡ ಅಡ್ಡಿ. ಕಣ್ಣೆದುರು ಬೆಟ್ಟದ ಸಾಲು ಇದ್ದಾಗ ಅದನ್ನು ನೋಡುತ್ತಾ ಕೂರಬೇಕೆನಿಸುತ್ತದೆಯೇ ಹೊರತು, ಮದುವೆ ಮುರಿದು ತವರಿಗೆ ಬಂದ ಮಗಳಿಗೆ ತಾಯಿ ಮೊದಲು ಏನು ಕೇಳಿದಳು ಎಂದು ಯೋಚಿಸಬೇಕೆನಿಸುವುದಿಲ್ಲ.

ನಾನು ಬರೆಯುವುದು ಅಡುಗೆಮನೆಗೆ ಒತ್ತಿಕೊಂಡಿರುವ ಉಗ್ರಾಣದಲ್ಲಿ. ಒಂದು ಕಡೆ ಕಾಳುಮೆಣಸಿನ ಚೀಲಗಳು, ಇನ್ನೊಂದು ಕಡೆ ಅಕ್ಕಿಯ ಡಬ್ಬ, ನಡುವೆ ಮಾವನವರು ತೋಟದ ಲೆಕ್ಕ ಬರೆಯುತ್ತಿದ್ದ ಹಳೆಯ ಮೇಜು. ಕಿಟಕಿಯೊಂದಿದೆ, ಆದರೆ ಅದು ಸೌದೆ ಕೊಟ್ಟಿಗೆಯ ಗೋಡೆಯ ಕಡೆಗೆ ತೆರೆದುಕೊಳ್ಳುತ್ತದೆ. ಮನೆಗೆ ಬಂದವರು ಯಾರೂ ಈ ಕೋಣೆಯನ್ನು ನೋಡಬೇಕೆಂದು ಕೇಳುವುದಿಲ್ಲ. ಅದೇ ಇದರ ದೊಡ್ಡ ಅನುಕೂಲ. ಬಾಗಿಲನ್ನು ಮುಂದೆ ಮಾಡಿಕೊಂಡರೂ ಒಲೆಯ ಮೇಲಿನ ಹಾಲು ಉಕ್ಕಿದ ಸದ್ದು, ಹಿತ್ತಲ ಬಾಗಿಲಲ್ಲಿ ಕೆಲಸದವರು ಕರೆದ ಸದ್ದು ಕೇಳಿಸುತ್ತದೆ. ಆದ್ದರಿಂದ ಮನೆ ಬಿಟ್ಟು ಬಂದಿದ್ದೇನೆಂಬ ಆತಂಕವೂ ಇರುವುದಿಲ್ಲ.

ನಮ್ಮ ಹಳೆಯ ಐನ್‌ಮನೆಗಳಲ್ಲಿ, ಅಂದರೆ ಕುಟುಂಬದ ಮೂಲಮನೆಗಳಲ್ಲಿ, ಮುಂಭಾಗದಲ್ಲಿ ಕೈಯಾಲೆ ಎಂಬ ಜಗಲಿ ಇರುತ್ತದೆ. ಅದರ ಕಂಬಗಳ ನಡುವೆ ಕೂರಲು ದಪ್ಪ ಹಲಗೆಯ ಐಮರ. ಗಾಳಿ, ಬೆಳಕು, ಗದ್ದೆಯವರೆಗಿನ ನೋಟ ಎಲ್ಲವೂ ಇರುವ, ಬರೆಯಲು ಹೇಳಿ ಮಾಡಿಸಿದಂಥ ಜಾಗ ಅದು. ಆದರೆ ಅಲ್ಲಿ ಕೂರುತ್ತಿದ್ದವರು ಮನೆಯ ಹಿರಿಯ ಗಂಡಸರು. ಹೆಂಗಸರು ಅಲ್ಲಿಗೆ ಬರುತ್ತಿದ್ದುದು ಕಾಫಿ ಲೋಟ ಇಡಲು, ಮತ್ತೆ ಅದನ್ನು ಎತ್ತಿಕೊಂಡು ಹೋಗಲು. ನನ್ನ ಎರಡನೆಯ ಕಾದಂಬರಿಯಲ್ಲಿ ಸೊಸೆಯೊಬ್ಬಳು ಮಧ್ಯಾಹ್ನದ ಹೊತ್ತು ಯಾರೂ ಇಲ್ಲದಾಗ ಐಮರದ ಮೇಲೆ ಕಾಲು ಚಾಚಿ ಕುಳಿತು ಪತ್ರ ಬರೆಯುವ ಪ್ರಸಂಗವಿದೆ. ಆ ಒಂದು ಪುಟಕ್ಕೆ ಬಂದಷ್ಟು ಪತ್ರಗಳು ಇಡೀ ಕಾದಂಬರಿಯ ಉಳಿದ ಭಾಗಕ್ಕೆ ಬಂದಿಲ್ಲ. ಹೆಚ್ಚಿನವು ಅರವತ್ತು ದಾಟಿದ ಹೆಂಗಸರವು.

ಪ್ರಶ್ನೆ: ಮಳೆಗಾಲದಲ್ಲಿ ಕೊಡಗಿನಲ್ಲಿ ಕುಳಿತು ಬರೆಯುವುದು ಬಹಳ ರಮ್ಯವಾಗಿರಬೇಕು ಅಲ್ಲವೇ? (ಓದುಗರು, ದಾವಣಗೆರೆ)

ಉತ್ತರ: ಜೂನ್ ಮೊದಲ ವಾರ ರಮ್ಯವಾಗಿರುತ್ತದೆ. ಜುಲೈ ಹೊತ್ತಿಗೆ ಕಾಗದ ನೆನೆದ ಹಪ್ಪಳದ ಹಾಗೆ ಮೆತ್ತಗಾಗಿ, ಬಾಲ್‌ಪೆನ್ ಅದರ ಮೇಲೆ ಓಡದೆ ಕೊರೆಯತೊಡಗುತ್ತದೆ. ಪುಸ್ತಕದ ಕಪಾಟಿನ ಬಾಗಿಲು ಉಬ್ಬಿ ಮುಚ್ಚಲಾಗುವುದಿಲ್ಲ. ಮುಚ್ಚಿದರೆ ತೆರೆಯಲಾಗುವುದಿಲ್ಲ. ಒಂದು ವಾರ ಮುಟ್ಟದೆ ಬಿಟ್ಟ ಪುಸ್ತಕದ ರಟ್ಟಿನ ಮೇಲೆ ಬೂದು ಬಣ್ಣದ ಬೂಷ್ಟು ಹತ್ತಿ, ಒರೆಸಿದರೂ ಕಲೆ ಉಳಿಯುತ್ತದೆ. ನಮ್ಮ ಕಡೆ ಅನೇಕರು ಕಪಾಟಿನೊಳಗೆ ಒಂದು ಸಣ್ಣ ಬಲ್ಬು ಉರಿಸಿಟ್ಟು ಬಟ್ಟೆಬರೆ ಕಾಪಾಡಿಕೊಳ್ಳುತ್ತಾರೆ. ನಾನೂ ಪುಸ್ತಕಗಳಿಗೆ ಹಾಗೆಯೇ ಮಾಡುತ್ತೇನೆ, ಕರೆಂಟು ಇದ್ದಾಗ. ಗಾಳಿಮಳೆಗೆ ತೋಟದ ಸಿಲ್ವರ್ ಮರವೊಂದು ತಂತಿಯ ಮೇಲೆ ಬಿದ್ದರೆ ಕರೆಂಟು ಬರಲು ದಿನಗಳೇ ಹಿಡಿಯುತ್ತವೆ. ಲ್ಯಾಪ್‌ಟಾಪಿನ ಬ್ಯಾಟರಿ ಅಷ್ಟು ಕಾಯುವುದಿಲ್ಲ. ಆದ್ದರಿಂದ ಮಳೆಗಾಲದಲ್ಲಿ ನನ್ನ ಮೊದಲ ಕರಡು ಪೂರ್ತಿ ಕೈಬರಹದಲ್ಲೇ ಆಗುತ್ತದೆ. ಬರೆದ ಹಾಳೆಗಳು ಬಿಸ್ಕತ್ತಿನ ತಗಡಿನ ಡಬ್ಬದೊಳಗೆ ಹೋಗುತ್ತವೆ, ಆ ಡಬ್ಬ ಒಲೆಯ ಬಿಸಿ ತಾಗುವ ಅಟ್ಟದ ಮೇಲೆ ಕೂರುತ್ತದೆ. ನನ್ನ ಒಂದು ಕಾದಂಬರಿಯ ಹಸ್ತಪ್ರತಿಯನ್ನು ಕೈಗೆತ್ತಿಕೊಂಡ ಸಂಪಾದಕರು ಹೊಗೆಯ ವಾಸನೆ ಬರುತ್ತಿದೆಯೆಂದು ನಕ್ಕಿದ್ದರು.

ಇಷ್ಟಾದರೂ ನಾನು ಹೆಚ್ಚು ಬರೆಯುವುದು ಮಳೆಗಾಲದಲ್ಲೇ, ಕಾರಣ ತುಂಬಾ ಸರಳ. ಜನವರಿಯಲ್ಲಿ ಕಾಫಿ ಕೊಯ್ಲು, ಕಣದ ಕೆಲಸ, ಮೆಣಸು, ಕೆಲಸದವರ ಬಟವಾಡೆ ಎಂದು ಮನೆಯ ಪ್ರತಿಯೊಬ್ಬರಿಗೂ ಕೈತುಂಬ ಕೆಲಸವಿರುತ್ತದೆ. ಆಷಾಢದಲ್ಲಿ, ಅಂದರೆ ನಮ್ಮ ಕಕ್ಕಡ ತಿಂಗಳಲ್ಲಿ, ನಾಟಿ ಮುಗಿದ ಮೇಲೆ ಮದುವೆ ಮುಂಜಿಗಳಿಲ್ಲ, ನೆಂಟರು ಬರುವುದಿಲ್ಲ, ಬರಲು ರಸ್ತೆಯೂ ಸರಿಯಾಗಿರುವುದಿಲ್ಲ. ಕಕ್ಕಡ ಹದಿನೆಂಟರಂದು ಮದ್ದುಸೊಪ್ಪಿನ ಪಾಯಸ ಮಾಡುವುದೊಂದನ್ನು ಬಿಟ್ಟರೆ ಹೇಳಿಕೊಳ್ಳುವಂಥ ಹಬ್ಬದ ಅಡುಗೆಯೂ ಇಲ್ಲ. ಹೆಂಗಸಿನ ಬರವಣಿಗೆಯ ವೇಳಾಪಟ್ಟಿಯನ್ನು ಸ್ಫೂರ್ತಿ ಬರೆಯುವುದಿಲ್ಲ, ಮನೆಯ ಕೆಲಸದ ಪಂಚಾಂಗ ಬರೆಯುತ್ತದೆ.

ಮಳೆಯಿಂದ ನನಗೆ ನಿಜವಾಗಿ ದಕ್ಕಿದ್ದು ಮಳೆಲೆಕ್ಕದ ಪುಸ್ತಕ. ಹೊರಗಿನ ಓದುಗರಿಗಾಗಿ ಹೇಳುತ್ತೇನೆ: ಕೊಡಗಿನ ತೋಟದ ಮನೆಗಳಲ್ಲಿ ಅಂಗಳದಲ್ಲೊಂದು ಮಳೆಮಾಪಕ ಇರುತ್ತದೆ. ಬೆಳಿಗ್ಗೆ ಎದ್ದು ಅದರ ನೀರನ್ನು ಅಳೆದು ಇಂಚು, ಸೆಂಟುಗಳಲ್ಲಿ ಪುಸ್ತಕಕ್ಕೆ ಬರೆಯುತ್ತಾರೆ. ಮಳೆಗಾಲದಲ್ಲಿ ಇಬ್ಬರು ಬೆಳೆಗಾರರು ಎದುರಾದರೆ ಕುಶಲಪ್ರಶ್ನೆಗೂ ಮೊದಲು ಬರುವ ಮಾತು ನಿಮ್ಮಲ್ಲಿ ಎಷ್ಟು ಇಂಚಾಯಿತು ಎಂಬುದು. ನಮ್ಮ ಮನೆಯಲ್ಲಿ ಈ ಲೆಕ್ಕ ಬರೆಯುತ್ತಿದ್ದವರು ಅತ್ತೆ. ಅಂಕಿಯ ಪಕ್ಕದ ಖಾಲಿ ಜಾಗದಲ್ಲಿ ಅವರು ಒಂದೆರಡು ಪದ ಸೇರಿಸುತ್ತಿದ್ದರು: ಹಸು ಕರು ಹಾಕಿತು, ಕಿರಿಯವಳಿಗೆ ಜ್ವರ, ಅಣ್ಣನ ಕಾಗದ ಬಂತು. ಒಂದು ವರ್ಷದ ಆಗಸ್ಟಿನಲ್ಲಿ ಹತ್ತು ದಿನ ಬರೀ ಅಂಕಿಗಳಿವೆ, ಪದಗಳಿಲ್ಲ. ಆ ಹತ್ತು ದಿನ ಏನಾಗಿತ್ತೆಂದು ಅವರನ್ನು ಕೇಳಿದೆ. ಅವರು ಹೇಳಲಿಲ್ಲ. ನನ್ನ ಮೂರನೆಯ ಕಾದಂಬರಿ ಆ ಖಾಲಿ ಜಾಗದಿಂದಲೇ ಹುಟ್ಟಿತು. ಅದರಲ್ಲಿ ಬರುವುದೆಲ್ಲ ಕಲ್ಪನೆ. ಅಚ್ಚಾದ ಮೇಲೆ ಓದಿದ ಅತ್ತೆ ಮಾತ್ರ ಹೌದೆಂದೂ ಅಲ್ಲವೆಂದೂ ಹೇಳದೆ, ಮಳೆಯ ಲೆಕ್ಕ ಸರಿಯಾಗಿ ಬರೆದಿದ್ದೀಯ ಎಂದರು.

ಪ್ರಶ್ನೆ: ಬರೆಯುವಾಗ ಕಾಫಿ ಕುಡಿಯುತ್ತೀರಾ? ಎಷ್ಟು ಲೋಟ? (ವಿದ್ಯಾರ್ಥಿನಿ, ಪೊನ್ನಂಪೇಟೆ)

ಉತ್ತರ: ಕುಡಿಯುತ್ತೇನೆ. ಹಾಲಿಲ್ಲದ ಬೆಲ್ಲದ ಕಾಫಿ. ಲೋಟಗಳ ಲೆಕ್ಕವನ್ನು ನನ್ನ ವೈದ್ಯರು ಈ ಪತ್ರಿಕೆ ಓದುವುದರಿಂದ ಇಲ್ಲಿ ಕೊಡುವುದಿಲ್ಲ.

ಪ್ರಶ್ನೆ: ಹೆಂಗಸರು ಬರೆಯುವ ಕಾದಂಬರಿಗಳನ್ನು ಕೆಲವರು 'ಅಡುಗೆಮನೆ ಸಾಹಿತ್ಯ' ಎಂದು ತಳ್ಳಿಹಾಕುತ್ತಾರೆ. ನಿಮ್ಮ ಕಾದಂಬರಿಗಳಿಗೂ ಆ ಮಾತು ಬಂದಿದೆ. ಏನೆನಿಸುತ್ತದೆ? (ನಿವೃತ್ತ ಉಪನ್ಯಾಸಕರು, ಹಾಸನ)

ಉತ್ತರ: ನಾನು ಉಗ್ರಾಣದಲ್ಲಿ ಕುಳಿತು ಬರೆಯುವವಳು, ಆದ್ದರಿಂದ ವಿಳಾಸದ ಮಟ್ಟಿಗೆ ಅವರು ಹೇಳಿದ್ದು ಸರಿಯಾಗಿಯೇ ಇದೆ. ಆದರೆ ಆ ಮಾತನ್ನು ಬೈಗುಳವಾಗಿ ಬಳಸುವವರು ಆ ಪುಸ್ತಕಗಳನ್ನು ಓದಿಲ್ಲವೆಂಬುದೂ ಅದರಲ್ಲೇ ಗೊತ್ತಾಗುತ್ತದೆ.

ತ್ರಿವೇಣಿಯವರನ್ನೇ ನೋಡಿ. ಮನಶ್ಶಾಸ್ತ್ರ ಓದಿದ ಹೆಣ್ಣುಮಗಳು. 1963ರಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ತೈದು ತುಂಬಿರಲಿಲ್ಲ. ಸುಮಾರು ಒಂದು ದಶಕದ ಅವಧಿಯಲ್ಲಿ ಇಪ್ಪತ್ತರಷ್ಟು ಕಾದಂಬರಿಗಳನ್ನು ಬರೆದರು. 'ಶರಪಂಜರ'ದಲ್ಲಿ ಬಾಣಂತನದ ನಂತರ ಮಾನಸಿಕ ಕಾಯಿಲೆಗೆ ಒಳಗಾದ ಕಾವೇರಿ ಚಿಕಿತ್ಸೆ ಪಡೆದು ಗುಣವಾಗಿ ಮನೆಗೆ ಮರಳುತ್ತಾಳೆ. ಆಸ್ಪತ್ರೆ ಅವಳನ್ನು ವಾಸಿ ಮಾಡುತ್ತದೆ, ಮನೆ ಅವಳನ್ನು ವಾಸಿಯಾಗಲು ಬಿಡುವುದಿಲ್ಲ. ಅವಳು ಸ್ವಲ್ಪ ಜೋರಾಗಿ ನಕ್ಕರೂ ಸುತ್ತಲಿನವರು ಮುಖ ಮುಖ ನೋಡಿಕೊಳ್ಳುತ್ತಾರೆ. ಹೆರಿಗೆಯ ನಂತರದ ಮನೋರೋಗದ ಬಗ್ಗೆ ಮನೆಗಳಲ್ಲಿ ಇಂದಿಗೂ ಗುಟ್ಟಾಗಿ ಮಾತಾಡುತ್ತಾರೆ. ಅರವತ್ತು ವರ್ಷಗಳ ಹಿಂದೆ ಅದನ್ನು ಸಾವಿರಾರು ಹೆಂಗಸರು ಓದುವ ಕಾದಂಬರಿಯ ವಸ್ತುವಾಗಿಸುವುದಕ್ಕೆ ಎಷ್ಟು ಎದೆಗಾರಿಕೆ ಬೇಕಿತ್ತೆಂದು ಯೋಚಿಸಿ. ಪುಟ್ಟಣ್ಣ ಕಣಗಾಲರು 1971ರಲ್ಲಿ ಅದನ್ನು ಸಿನಿಮಾ ಮಾಡಿದಾಗ ಕೊಡಗಿನಲ್ಲಿ ಚಿತ್ರೀಕರಿಸಿದ 'ಕೊಡಗಿನ ಕಾವೇರಿ' ಹಾಡು ಈಗಲೂ ನಮ್ಮ ಮದುವೆಮನೆಗಳ ಮೈಕಿನಲ್ಲಿ ಕೇಳಿಬರುತ್ತದೆ. ಮದುವೆಯಲ್ಲಿ ಆ ಕತೆಯ ಹಾಡನ್ನು ಹಾಕುವುದು ಸರಿಯೇ ಎಂದು ನನಗೆ ಪ್ರತಿಸಲವೂ ಅನುಮಾನ ಬರುತ್ತದೆ. ಆ ವಿಷಯ ಇರಲಿ.

ಎಂ.ಕೆ. ಇಂದಿರಾ ಅವರದು ಇನ್ನೊಂದು ಬಗೆ. ತೀರ್ಥಹಳ್ಳಿಯಲ್ಲಿ 1917ರಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ಮದುವೆಯಾಗಿ, ಸಂಸಾರ ನಡೆಸಿ, ನಲವತ್ತು ದಾಟಿದ ಮೇಲೆ ಕಾದಂಬರಿಗೆ ಕೈ ಹಚ್ಚಿದವರು. 'ತುಂಗಭದ್ರಾ' ಬಂದದ್ದು 1963ರಲ್ಲಿ. 'ಫಣಿಯಮ್ಮ' 1976ರಲ್ಲಿ. ಬಾಲ್ಯದಲ್ಲೇ ವಿಧವೆಯಾಗಿ, ಶತಾಯುಷಿಯಾಗಿ ಬಾಳಿದ ಒಬ್ಬ ಅಜ್ಜಿಯ ಕತೆ ಅದು. ಇಡೀ ಕಾದಂಬರಿ ನಡೆಯುವುದು ಅಡುಗೆಮನೆ, ಬಚ್ಚಲು, ಬಾಣಂತಿ ಕೋಣೆ, ಹಿತ್ತಲುಗಳಲ್ಲಿ. ಮಲೆನಾಡಿನ ಒಂದು ಸಮುದಾಯದ ನೂರು ವರ್ಷದ ಸಾಮಾಜಿಕ ಇತಿಹಾಸವನ್ನು ಅಷ್ಟು ಕಡಿಮೆ ಪುಟಗಳಲ್ಲಿ ಹೇಳಿದ ಬೇರೆ ಪುಸ್ತಕ ನನ್ನ ಓದಿಗೆ ಸಿಕ್ಕಿಲ್ಲ. ಪ್ರೇಮಾ ಕಾರಂತರು ಅದನ್ನು ಚಲನಚಿತ್ರವನ್ನಾಗಿ ಮಾಡಿದರು, ಚಿತ್ರ ನೋಡಿದವರು ಪುಸ್ತಕವನ್ನೂ ಓದಲಿ.

ಒಂದು ಆಕ್ಷೇಪವನ್ನು ಮಾತ್ರ ನಾನು ಒಪ್ಪುತ್ತೇನೆ. ವಾರಪತ್ರಿಕೆಗಳ ಧಾರಾವಾಹಿಯ ಕಾಲದಲ್ಲಿ ಪ್ರತಿ ವಾರವೂ ಕುತೂಹಲದಲ್ಲಿ ನಿಲ್ಲಿಸಬೇಕೆಂಬ ಒತ್ತಡಕ್ಕೆ ಸಿಕ್ಕಿ ಅನೇಕ ಕಾದಂಬರಿಗಳು ಅನಗತ್ಯವಾಗಿ ಉದ್ದವಾದವು, ಸಿರಿವಂತ ನಾಯಕನ ಒಂದು ನೋಟಕ್ಕೆ ನಾಯಕಿಯ ಎಲ್ಲ ಪ್ರಶ್ನೆಗಳೂ ಕರಗಿಹೋದವು. ಅಂಥವು ಗಂಡಸರು ಬರೆದದ್ದರಲ್ಲೂ ಬೇಕಾದಷ್ಟಿವೆ. ಆದರೆ ಅವುಗಳಿಗೆ ಯಾರೂ ಕೋಣೆಯ ಹೆಸರಿಟ್ಟು ಕರೆಯಲಿಲ್ಲ.

ಪ್ರಶ್ನೆ: ಕತೆಗಾರ್ತಿ ಕೊಡಗಿನ ಗೌರಮ್ಮ ನಮ್ಮ ಸುಂಟಿಕೊಪ್ಪದ ಹತ್ತಿರವೇ ಇದ್ದವರೆಂದು ಕೇಳಿದ್ದೇನೆ. ಅವರು ನಿಮ್ಮ ಮೇಲೆ ಪ್ರಭಾವ ಬೀರಿದ್ದಾರೆಯೇ? (ಪದವಿ ವಿದ್ಯಾರ್ಥಿನಿ, ಸುಂಟಿಕೊಪ್ಪ)

ಉತ್ತರ: ಮಡಿಕೇರಿಯಲ್ಲಿ 1912ರಲ್ಲಿ ಹುಟ್ಟಿದ ಗೌರಮ್ಮ ಮದುವೆಯಾಗಿ ಬಂದು ನೆಲೆಸಿದ್ದು ಸುಂಟಿಕೊಪ್ಪ ಸಮೀಪದ ಗುಂಡುಕುಟ್ಟಿ ತೋಟದಲ್ಲಿ. ಪತಿ ಗೋಪಾಲಕೃಷ್ಣ ಅವರು ಅಲ್ಲಿ ಕೆಲಸದಲ್ಲಿದ್ದರು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ಅವರು ತಮ್ಮ ಮನೆಗೆ ಬರಲೇಬೇಕೆಂದು ಗೌರಮ್ಮ ಉಪವಾಸ ಕುಳಿತು, ಬಂದ ಮೇಲೆ ಒಡವೆಗಳನ್ನು ಹರಿಜನ ನಿಧಿಗೆ ಒಪ್ಪಿಸಿದರು. ಆಗ ಅವರಿಗೆ ಇಪ್ಪತ್ತೆರಡರ ಆಸುಪಾಸು. ಟೆನಿಸ್ ಆಡುತ್ತಿದ್ದರು, ಈಜುತ್ತಿದ್ದರು. 1939ರ ಏಪ್ರಿಲ್‌ನಲ್ಲಿ ಈಜಲು ಹೋದವರು ಮುಳುಗಿ ತೀರಿಕೊಂಡರು. ಅವರನ್ನು ತಂಗಿಯಂತೆ ಕಂಡಿದ್ದ ಬೇಂದ್ರೆಯವರು 'ತಂಗಿ ಗೌರಮ್ಮ' ಎಂಬ ಪದ್ಯ ಬರೆದರು. 'ಕಂಬನಿ', 'ಚಿಗುರು' ಎಂಬ ಎರಡು ಸಂಕಲನಗಳಲ್ಲಿ ಅವರ ಕತೆಗಳಿವೆ.

ಜನ ಅವರನ್ನು ನೆನೆಯುವಾಗ ಒಡವೆಯ ಪ್ರಸಂಗ ಮತ್ತು ಅಕಾಲ ಮರಣ ಇವೆರಡನ್ನೇ ಹೇಳುತ್ತಾರೆ, ಇದು ನನಗೆ ಬೇಸರದ ವಿಷಯ. ಕತೆಗಳನ್ನು ಓದಿ. 'ವಾಣಿಯ ಸಮಸ್ಯೆ', 'ಅಪರಾಧಿ ಯಾರು' ಇವುಗಳಿಂದ ಶುರುಮಾಡಿ. ವಿಧವೆಯರ ಬದುಕು, ಗಂಡಸಿನ ತಪ್ಪಿಗೆ ಹೆಣ್ಣು ತೆರುವ ದಂಡ, ಓದಿದ ಹುಡುಗಿಗೆ ಮದುವೆಯಲ್ಲಿ ಎದುರಾಗುವ ಇಕ್ಕಟ್ಟು ಇವೆಲ್ಲ ಅವರಲ್ಲಿ ಭಾಷಣವಿಲ್ಲದೆ ಬರುತ್ತವೆ. ಪತ್ರದ ರೂಪವನ್ನು ಅವರು ಬಳಸುವ ರೀತಿ ನನಗೆ ಬಹಳ ಹಿಡಿಸಿದೆ. ಒಬ್ಬಳು ಇನ್ನೊಬ್ಬಳಿಗೆ ಬರೆಯುವಾಗ ಗಂಡಸರ ಎದುರು ಹೇಳಲಾಗದ ಮಾತುಗಳು ತಾವಾಗಿ ಬರುತ್ತವೆ. ತೋಟದ ಮನೆಯ ಒಂಟಿತನ ಗೊತ್ತಿದ್ದವರಿಗೆ ಆ ಪತ್ರಗಳ ಅಗತ್ಯ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಪಕ್ಕದ ಮನೆ ಎಂದರೆ ಮೈಲಿ ದೂರ, ಸಂಜೆ ಆರಾದರೆ ಕತ್ತಲು.

ಈಗ ಮಡಿಕೇರಿಯ ದೀಪಾ ಭಾಸ್ತಿ ಅವರು ಗೌರಮ್ಮನ ಕತೆಗಳನ್ನು ಇಂಗ್ಲಿಷಿಗೆ ತಂದಿದ್ದಾರೆ. ಬಾನು ಮುಷ್ತಾಕ್ ಅವರ ಕತೆಗಳ ಅನುವಾದಕ್ಕಾಗಿ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಲೇಖಕಿಯೊಂದಿಗೆ ಹಂಚಿಕೊಂಡವರೂ ಇವರೇ. ಪ್ರಶಸ್ತಿ ಬಂದ ವಾರ ನಮ್ಮ ಊರಿನ ಅಂಗಡಿಯಲ್ಲಿ ಕಾಫಿ ದರದ ಜೊತೆಗೆ ಸಣ್ಣಕತೆಯ ಮಾತೂ ನಡೆಯಿತು. ಆ ಭಾಗ್ಯ ಎಷ್ಟು ದಿನ ಬಾಳಿತೆಂದು ಕೇಳಬೇಡಿ.

ಪ್ರಶ್ನೆ: ಕೊಡಗನ್ನು ಕುರಿತ ಕಾದಂಬರಿಗಳಲ್ಲಿ ಕಾಫಿ ಹೂ, ಮಂಜು, ಬಂಗಲೆ ಇಷ್ಟೇ ಕಾಣುತ್ತವೆ. ತೋಟದಲ್ಲಿ ದುಡಿಯುವ ಹೆಂಗಸರು ಏಕೆ ಬರುವುದಿಲ್ಲ? ನಿಮ್ಮ ಕೊನೆಯ ಕಾದಂಬರಿಯಲ್ಲಿ ಅವರನ್ನು ಹೇಗೆ ತಂದಿರಿ? (ಓದುಗರು, ಮೈಸೂರು)

ಉತ್ತರ: ಕಾಫಿ ಹೂವಿನ ವಿಚಾರದಲ್ಲಿ ನನಗೂ ಹಳೆಯ ತಕರಾರಿದೆ. ಬೇಸಿಗೆಯ ಹೂಮಳೆ ಬಿದ್ದು ಒಂಬತ್ತು ಹತ್ತು ದಿನಕ್ಕೆ ಹೂ ಅರಳುತ್ತದೆ, ಎರಡು ಮೂರು ದಿನಕ್ಕೆ ಕಂದು ಬಣ್ಣಕ್ಕೆ ತಿರುಗುತ್ತದೆ. ಕೆಲವು ಕಾದಂಬರಿಗಳಲ್ಲಿ ನಾಯಕ ನಾಯಕಿಯರು ಭೇಟಿಯಾಗಿ, ಜಗಳವಾಡಿ, ಬೇರೆಯಾಗಿ, ಮತ್ತೆ ಒಂದಾಗುವವರೆಗೂ ಹೂ ಉದುರುವುದೇ ಇಲ್ಲ. ಆ ಮೂರು ದಿನ ತೋಟದ ಮನೆಯವರು ಹೂವಿನ ಚೆಲುವಿಗಿಂತ ಆಕಾಶವನ್ನು ಹೆಚ್ಚು ನೋಡುತ್ತಿರುತ್ತಾರೆ. ಅರಳಿದ ಹೊತ್ತಿನಲ್ಲಿ ಜೋರು ಮಳೆ ಬಂದರೆ ಕಾಯಿಕಟ್ಟುವುದಕ್ಕೇ ಪೆಟ್ಟು.

ದುಡಿಯುವವರು ಏಕೆ ಬರುವುದಿಲ್ಲವೆಂದರೆ, ಬರೆಯುವವರು ಬಂಗಲೆಯ ವರಾಂಡದಿಂದ ನೋಡುತ್ತಾರೆ, ಅಲ್ಲಿಗೆ ಕೆಲಸದವರು ಇರುವ ಲೈನ್‌ಮನೆ ಕಾಣುವುದಿಲ್ಲ. ಕಾಣದ ಹಾಗೆಯೇ ಅದನ್ನು ಕಟ್ಟಿರುತ್ತಾರೆ. ಹಾಗಾಗಿ ನನಗೆ ಉಗ್ರಾಣದ ನಂತರ ಇಷ್ಟವಾದ ಜಾಗ, ಕೊಯ್ಲಿನ ಕಾಲದ ಸಂಜೆಯ ತೂಕದ ಕಟ್ಟೆ. ಬರೆಯುವುದು ಒತ್ತಟ್ಟಿಗಿರಲಿ, ಅಲ್ಲಿ ಕಿವಿ ಕೊಟ್ಟರೆ ಸಾಕು. ನಾಲ್ಕೂವರೆಯ ಹೊತ್ತಿಗೆ ಹೆಂಗಸರು ಹಣ್ಣಿನ ಚೀಲಗಳನ್ನು ತಲೆಯ ಮೇಲೆ ಹೊತ್ತು ತಂದು ಗೋಣಿತಾಟಿನ ಮೇಲೆ ಸುರಿದು, ಕುಕ್ಕರುಗಾಲಿನಲ್ಲಿ ಕುಳಿತು, ಹಸಿಕಾಯಿ, ಎಲೆ, ಕಡ್ಡಿಗಳನ್ನು ಬೇರೆ ಮಾಡುತ್ತಾರೆ. ಬೆರಳುಗಳು ಅಂಟಿನಿಂದ ಕಪ್ಪಾಗಿರುತ್ತವೆ, ತೋಳಿಗೆ ಚಿಗಳಿ ಇರುವೆ ಕಚ್ಚಿದ ಗುರುತುಗಳಿರುತ್ತವೆ. ತೋಟದ ಲೆಕ್ಕ ಬರೆಯುವ ರೈಟರು ತಕ್ಕಡಿಯ ಪಕ್ಕ ನಿಂತು ಹೆಸರು ಕೂಗಿ ಕಿಲೋ ಬರೆದುಕೊಳ್ಳುವಾಗ, ಪ್ರತಿಯೊಬ್ಬಳೂ ತನ್ನ ತೂಕವನ್ನು ಬಾಯಲ್ಲಿ ಒಮ್ಮೆ ಹೇಳಿಕೊಳ್ಳುತ್ತಾಳೆ, ಸಂಬಳದ ದಿನ ಅದು ಅವಳಿಗೆ ಬಾಯಿಪಾಠ ಇರಬೇಕು. ಗಂಡನ ಕುಡಿತ, ಮಗಳ ಹಾಸ್ಟೆಲು, ಪಡಿತರದ ಅಕ್ಕಿ, ಆನೆ ಬಂದ ರಾತ್ರಿ ಎಲ್ಲವೂ ಆ ಅರ್ಧ ಗಂಟೆಯಲ್ಲಿ ಬಂದುಹೋಗುತ್ತವೆ. ಆದಿವಾಸಿಗಳಾದ ಯರವರು, ಕುರುಬರು ಮೊದಲಿನಿಂದ ಇದ್ದವರು. ಇತ್ತೀಚಿನ ವರ್ಷಗಳಲ್ಲಿ ಅಸ್ಸಾಮಿನಿಂದ ಬಂದ ಕುಟುಂಬಗಳೂ ಅನೇಕ ಇವೆ. ಮಾತು ಅರ್ಥವಾಗದಿದ್ದರೂ ತಕ್ಕಡಿಯ ಮುಳ್ಳನ್ನು ಅವರೂ ಅದೇ ಗಮನದಿಂದ ನೋಡುತ್ತಾರೆ.

ಕೊನೆಯ ಕಾದಂಬರಿಯ ನಾಯಕಿ ಅಂಥ ಒಬ್ಬ ಹೆಂಗಸಿನ ಮಗಳು. ಅವಳ ಮನಸ್ಸಿನೊಳಗೆ ಪೂರ್ತಿ ಇಳಿದು 'ನಾನು' ಎಂದು ಬರೆಯುವ ಪ್ರಯತ್ನವನ್ನು ನಾನು ಮಾಡಲಿಲ್ಲ. ತೋಟದ ಮಾಲೀಕರ ಮನೆಯ ಸೊಸೆಯಾದ ನಾನು ಹಾಗೆ ಬರೆದರೆ ಆ 'ನಾನು'ವಿನಲ್ಲಿ ನನ್ನ ಅನುಕೂಲಗಳೇ ಸೇರಿಕೊಳ್ಳುತ್ತವೆ. ಆದ್ದರಿಂದ ಕತೆಯನ್ನು ಹೇಳುವವಳು ಬಂಗಲೆಯ ಹುಡುಗಿ. ಅವಳಿಗೆ ಕಾಣದ್ದನ್ನು ಕಾಣದೆಂದೇ ಬಿಟ್ಟಿದ್ದೇನೆ. ಕೆಲವು ಓದುಗರು ಆ ಬಿರುಕುಗಳನ್ನು ಕೊರತೆಯೆಂದು ಬರೆದಿದ್ದಾರೆ. ನಾನು ಮತ್ತೆ ಬರೆದರೂ ಹಾಗೆಯೇ ಬರೆಯುತ್ತೇನೆ.

ಪ್ರಶ್ನೆ: 2018ರ ಭೂಕುಸಿತದ ಬಗ್ಗೆ ಕಾದಂಬರಿ ಬರೆಯುವಿರಾ? (ಓದುಗರು, ಮಡಿಕೇರಿ)

ಉತ್ತರ: ಸದ್ಯಕ್ಕಿಲ್ಲ. ಜೋಡುಪಾಲ, ಮಕ್ಕಂದೂರಿನ ಕಡೆಯ ಅನೇಕರು ಆ ಆಗಸ್ಟಿನಲ್ಲಿ ಕಳೆದುಕೊಂಡದ್ದು ಕೇವಲ ಮನೆಯನ್ನಲ್ಲ, ಮನೆ ನಿಂತಿದ್ದ ನೆಲವನ್ನೇ. ಅವರು ನನ್ನ ನೆರೆಹೊರೆಯವರು, ಸಂತೆಯಲ್ಲಿ ಎದುರಾಗುವವರು. ಅವರಲ್ಲೇ ಯಾರಾದರೂ ಬರೆದರೆ ಮೊದಲ ಓದುಗಳಾಗಿ ಓದುತ್ತೇನೆ.

ಪ್ರಶ್ನೆ: ಮನೆಯಲ್ಲಿ ಕೊಡಗಿನ ಗೌಡರ ಆಡುಮಾತಾದ ಅರೆಭಾಷೆ ಆಡುವವರು ನೀವು. ಕನ್ನಡದಲ್ಲಿ ಬರೆಯುವಾಗ ಸಂಭಾಷಣೆಗೆ ತೊಂದರೆಯಾಗುವುದಿಲ್ಲವೇ? (ಶಿಕ್ಷಕಿ, ಸೋಮವಾರಪೇಟೆ)

ಉತ್ತರ: ಆಗುತ್ತದೆ. ಕೊಡಗಿನ ಒಂದು ಸಂತೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಕನ್ನಡ, ಮಲಯಾಳ, ತುಳು, ಬ್ಯಾರಿ ಎಲ್ಲವೂ ಕೇಳಿಸುತ್ತವೆ. ಒಂದೇ ಮನೆಯಲ್ಲಿ ಅಜ್ಜಿಗೆ ಒಂದು ಭಾಷೆ, ಕೆಲಸದವರಿಗೆ ಇನ್ನೊಂದು, ಬ್ಯಾಂಕಿಗೆ ಮತ್ತೊಂದು ಇರುತ್ತದೆ. ಎಲ್ಲವನ್ನೂ ಅಚ್ಚಿನಲ್ಲಿ ತೋರಿಸ ಹೊರಟರೆ ಕಾದಂಬರಿ ಭಾಷಾ ಸಮೀಕ್ಷೆಯಾಗುತ್ತದೆ. ನಾನು ಕರೆಯುವ ಪದಗಳನ್ನು, ಊಟದ ಮತ್ತು ಕೆಲಸದ ಪದಗಳನ್ನು ಹಾಗೇ ಉಳಿಸಿಕೊಂಡು, ಉಳಿದ ಮಾತನ್ನು ಸರಳ ಕನ್ನಡದಲ್ಲಿ ಬರೆಯುತ್ತೇನೆ. ಜಗಳದ ಸಂದರ್ಭಗಳಲ್ಲಿ ಮಾತ್ರ ಅರೆಭಾಷೆಯನ್ನು ತಡೆಯುವುದಿಲ್ಲ. ಸಿಟ್ಟು ಬಂದಾಗ ಯಾರೂ ಪುಸ್ತಕದ ಭಾಷೆ ಆಡುವುದಿಲ್ಲ.

ಪ್ರಶ್ನೆ: ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಒಂದು ತಿಂಗಳ ರಜೆ ಹಾಕಿ ಕೊಡಗಿನ ಹೋಮ್‌ಸ್ಟೇಯಲ್ಲಿ ಉಳಿದು ಕಾದಂಬರಿ ಮುಗಿಸಬೇಕೆಂದಿದ್ದೇನೆ. ಸಲಹೆ ಕೊಡಿ. (ಓದುಗರು, ಬೆಂಗಳೂರು)

ಉತ್ತರ: ಮುಗಿಸಲು ಬನ್ನಿ, ಶುರುಮಾಡಲು ಬರಬೇಡಿ. ಅರ್ಧದಷ್ಟಾದರೂ ಕರಡು ಕೈಯಲ್ಲಿಲ್ಲದೆ ಬಂದರೆ ಮೊದಲ ವಾರ ಅಬ್ಬಿ ಜಲಪಾತಕ್ಕೆ, ಎರಡನೆಯ ವಾರ ತಲಕಾವೇರಿಗೆ, ಮೂರನೆಯದು ದುಬಾರೆಗೆ ಹೋಗುತ್ತದೆ. ಡಿಸೆಂಬರ್ ರಜೆ ಮತ್ತು ವಾರಾಂತ್ಯಗಳಲ್ಲಿ ಹೋಮ್‌ಸ್ಟೇಗಳಲ್ಲಿ ರಾತ್ರಿಯಿಡೀ ಕ್ಯಾಂಪ್‌ಫೈರಿನ ಗದ್ದಲ. ಸೆಪ್ಟೆಂಬರ್ ಕೊನೆ ಅಥವಾ ಫೆಬ್ರವರಿಯ ವಾರದ ದಿನಗಳು ಮೇಲು. ಕೋಣೆ ಗೊತ್ತುಮಾಡುವಾಗ ಫೋಟೋದಲ್ಲಿ ಬೆಟ್ಟ ಕಾಣುತ್ತದೆಯೇ ಎಂದು ನೋಡುವ ಬದಲು ಮೇಜು ಇದೆಯೇ, ಕುರ್ಚಿಗೆ ಬೆನ್ನು ಇದೆಯೇ, ಇನ್ವರ್ಟರ್ ಎಷ್ಟು ಹೊತ್ತು ಬರುತ್ತದೆ ಎಂದು ಫೋನು ಮಾಡಿ ಕೇಳಿ. ಹಾಸಿಗೆಯ ಮೇಲೆ ಕುಳಿತು ತಿಂಗಳು ಬರೆದರೆ ಕಾದಂಬರಿಗಿಂತ ಮೊದಲು ಸೊಂಟ ಮುಗಿಯುತ್ತದೆ. ದಕ್ಷಿಣ ಕೊಡಗಿನ ಕಡೆ ಉಳಿದುಕೊಂಡರೆ ಮುಂಜಾನೆ, ಮುಸ್ಸಂಜೆ ಒಬ್ಬರೇ ತೋಟದ ದಾರಿಯಲ್ಲಿ ನಡೆಯಬೇಡಿ, ಆನೆಗಳಿವೆ. ಸ್ಥಳೀಯರ ಮಾತು ಕೇಳಬೇಕಾದರೆ ಮಡಿಕೇರಿಯ ಶುಕ್ರವಾರದ ಸಂತೆಗೆ ಹೋಗಿ, ಸೊಪ್ಪು ಕೊಳ್ಳಿ, ಚೌಕಾಸಿ ಮಾಡಿ.

ಪ್ರಶ್ನೆ: ಎರಡು ಮಕ್ಕಳ ತಾಯಿ ನಾನು. ಬಾಡಿಗೆ ಮನೆಯಲ್ಲಿ ಪ್ರತ್ಯೇಕ ಕೋಣೆ ಇಲ್ಲ. ಕಾದಂಬರಿ ಬರೆಯುವ ಆಸೆಯಿದೆ. ಎಲ್ಲಿ, ಹೇಗೆ ಬರೆಯಲಿ? ಬರೆದ ಮೇಲೆ ಪತ್ರಿಕೆಗೆ ಹೇಗೆ ಕಳಿಸಲಿ? (ಓದುಗರು, ಕುಶಾಲನಗರ)

ಉತ್ತರ: ಇಂಗ್ಲಿಷ್ ಲೇಖಕಿ ವರ್ಜೀನಿಯಾ ವುಲ್ಫ್ 1929ರಲ್ಲಿ ಬರೆಯುವ ಹೆಣ್ಣಿಗೆ ಸ್ವಂತದ ಕೋಣೆಯೂ ವರ್ಷಕ್ಕೆ 500 ಪೌಂಡಿನ ಆದಾಯವೂ ಬೇಕೆಂದರು. ಅವರ ಮಾತು ಸರಿಯಾದದ್ದೇ. ಆದರೆ ನೀವು ಮನೆ ಕಟ್ಟುವವರೆಗೆ ಕಾಯಬೇಡಿ. ಕೋಣೆ ಇಲ್ಲದವರು ಹೊತ್ತನ್ನು ಗುರುತುಹಾಕಿಕೊಳ್ಳಬೇಕು. ಮಕ್ಕಳು ಶಾಲೆಗೆ ಹೋದ ಮೇಲಿನ ಮೊದಲ ಒಂದು ಗಂಟೆಯನ್ನು ಪಾತ್ರೆ, ಬಟ್ಟೆಗಳಿಗೆ ಕೊಡದೆ ಬರವಣಿಗೆಗೆ ಕೊಡಿ. ಪಾತ್ರೆಗಳು ಎಲ್ಲಿಗೂ ಓಡಿಹೋಗುವುದಿಲ್ಲ, ಬೆಳಗಿನ ತಲೆ ಮಾತ್ರ ಮಧ್ಯಾಹ್ನಕ್ಕೆ ಇರುವುದಿಲ್ಲ. ಊರಿನ ಸಾರ್ವಜನಿಕ ಗ್ರಂಥಾಲಯದ ಓದುಕೋಣೆಯನ್ನು ಬಳಸಿ. ಪತ್ರಿಕೆ ಓದುವ ಗಂಡಸರ ನಡುವೆ ಮೊದಲ ಕೆಲವು ದಿನ ಮುಜುಗರವಾಗುತ್ತದೆ. ನೀವು ನಿತ್ಯವೂ ಅದೇ ಕುರ್ಚಿಯಲ್ಲಿ ಕುಳಿತರೆ ಅದು ನಿಮ್ಮದೆಂದು ಅವರೇ ಬಿಡುತ್ತಾರೆ. ಆಸ್ಪತ್ರೆಯ ಸರದಿ, ಮಕ್ಕಳ ಡ್ಯಾನ್ಸ್ ಕ್ಲಾಸಿನ ಹೊರಗಿನ ಬೆಂಚು ಇವೂ ಜಾಗಗಳೇ. ಅಲ್ಲಿ ಹೊಸದನ್ನು ಬರೆಯುವುದಕ್ಕಿಂತ ಬರೆದದ್ದನ್ನು ತಿದ್ದುವುದು ಸುಲಭ.

ಮನೆಯವರಿಗೆ ಹೇಳಿಯೇ ಬರೆಯಿರಿ. ಗುಟ್ಟಾಗಿ ಬರೆದರೆ ಪ್ರತಿಸಲ ಎದ್ದುಹೋಗಬೇಕಾಗಿ ಬಂದಾಗಲೂ ಬೇರೆ ನೆಪ ಹುಡುಕಬೇಕಾಗುತ್ತದೆ.

ಕಳಿಸುವ ವಿಚಾರ: ಮೊದಲಿಗೆ ಆ ಪತ್ರಿಕೆ ಧಾರಾವಾಹಿ ಪ್ರಕಟಿಸುತ್ತದೆಯೇ ಎಂದು ಕೆಲವು ಸಂಚಿಕೆಗಳನ್ನು ನೋಡಿ ತಿಳಿದುಕೊಳ್ಳಿ. ಯುನಿಕೋಡ್ ಅಕ್ಷರದಲ್ಲಿ ಟೈಪು ಮಾಡಿ, ಕತೆಯ ಸಾರಾಂಶವನ್ನು ಒಂದು ಪುಟದಲ್ಲಿ ಬರೆದು, ಅಂತ್ಯವನ್ನೂ ಅದರಲ್ಲಿ ಹೇಳಿ. ಸಂಪಾದಕರ ಹತ್ತಿರ ಕುತೂಹಲ ಉಳಿಸಿಕೊಳ್ಳುವ ಅಗತ್ಯವಿಲ್ಲ. ಒಂದೇ ಕಾದಂಬರಿಯನ್ನು ಎರಡು ಪತ್ರಿಕೆಗಳಿಗೆ ಒಟ್ಟಿಗೆ ಕಳಿಸಬೇಡಿ. ನಿಮ್ಮ ಹತ್ತಿರ ಒಂದು ಪ್ರತಿ ಇರಲಿ, ಅದು ಫೋನಿನಲ್ಲಷ್ಟೇ ಇದ್ದರೆ ಸಾಲದು. ಮೂರು ತಿಂಗಳಾದರೂ ಉತ್ತರ ಬರದಿದ್ದರೆ ಒಂದು ಸಾಲಿನ ಪತ್ರ ಬರೆದು ಕೇಳಿ. ಅದಕ್ಕೂ ಉತ್ತರವಿಲ್ಲದಿದ್ದರೆ, ಹಿಂದಕ್ಕೆ ಪಡೆದಿರುವುದಾಗಿ ತಿಳಿಸಿ ಬೇರೆ ಕಡೆಗೆ ಕಳಿಸಿ. ಆ ಮೂರು ತಿಂಗಳಲ್ಲಿ ಎರಡನೆಯ ಕಾದಂಬರಿಯ ಮೊದಲ ಅಧ್ಯಾಯ ಶುರುವಾಗಿರಲಿ.